ನಡುರಸ್ತೆಯಲ್ಲಿ ನಿಂತದ್ದು

ಅತ್ತಿಗೆಯ ಕಾಲಿನ ಪ್ಲಾಸ್ಟರಿನೊಳಗಿಂದ ಬರುವ ವಾಸನೆ ಆ ಬೆಳಿಗ್ಗೆ ಬಚ್ಚಲುಮನೆಯವರೆಗೂ ಬಂದಿತ್ತು, ಅಥವಾ ಅವನ ಮೂಗೇ ಅದನ್ನು ಅಲ್ಲಿಯವರೆಗೆ ಹೊತ್ತುಕೊಂಡು ಹೋಗಿತ್ತು. ಹಲ್ಲುಜ್ಜುತ್ತಿದ್ದವನು ನೊರೆ ಉಗಿದು ನಿಂತ. ಒಳಕೋಣೆಯಿಂದ ಅವಳು ಕರೆದಳು, ಕೆಲಸ ಹೇಳಲು ನಾಚುವವರ ಸಣ್ಣ ದನಿಯಲ್ಲಿ. ಅವನು ಸ್ವೆಟರ್ ಹೆಣೆಯುವ ಉದ್ದನೆಯ ಕಡ್ಡಿ ಹಿಡಿದು ಹೋಗಿ ಮಂಚದ ಅಂಚಿಗೆ ಕೂತು, ಮೊಣಕಾಲ ಕೆಳಗೆ ಪ್ಲಾಸ್ಟರಿಗೂ ಚರ್ಮಕ್ಕೂ ನಡುವಿನ ಸಂದಿಯಲ್ಲಿ ಅದನ್ನು ಇಳಿಸಿ ಮೆಲ್ಲಗೆ ಆಡಿಸಿದ. ಇನ್ನೂ ಕೆಳಗೆ ಅಂದಳು, ಇನ್ನೊಂಚೂರು ಆ ಕಡೆ ಅಂದಳು, ಆಮೇಲೆ ಮಾತು ನಿಂತು ಅವಳ ಕಣ್ಣುಗಳು ತಾವಾಗಿ ಮುಚ್ಚಿಕೊಂಡವು. ತುರಿಕೆ ತಣಿಯುವ ಸುಖದಲ್ಲಿ ಅರೆ ತೆರೆದಿದ್ದ ಆ ಬಾಯನ್ನು ನೋಡಬಾರದೆಂದು ಅವನು ಗೋಡೆ ನೋಡಿದ. ಈ ಕೆಲಸ ಅಣ್ಣ ಮಾಡಬೇಕಿತ್ತು, ಗಂಡ ಅವನು. ಆದರೆ ಅಣ್ಣನಿಗೆ ವಾಸನೆ ಆಗಿಬರುವುದಿಲ್ಲ. ಬಾಗಿಲಲ್ಲಿ ನಿಂತೇ ಹೇಗಿದ್ದೀಯೆ ಎಂದು ಕೇಳಿ, ಚೆನ್ನಾಗಿದ್ದೀನಿ ಎನ್ನುವ ಉತ್ತರ ಬರುವ ಮೊದಲೇ ಕಾರಿನ ಬೀಗದಕೈ ಬೆರಳಲ್ಲಿ ತಿರುಗಿಸುತ್ತ ಹೊರಟುಬಿಡುತ್ತಾನೆ. ಕಡ್ಡಿ ಹೊರಗೆ ಬಂದಾಗ ಅದರ ತುದಿಗೆ ಬೂದು ಬಣ್ಣದ ಚರ್ಮದ ಹೊಟ್ಟು ಅಂಟಿತ್ತು. ಅವನು ಅದನ್ನು ಹಳೆಯ ಬಟ್ಟೆಯಲ್ಲಿ ಒರೆಸಿದ. ‘ಪುಣ್ಯಾತ್ಮ ಕಣೋ ನೀನು’ ಎಂದಳು ಅತ್ತಿಗೆ, ‘ಯಾರು ಮಾಡ್ತಾರೆ ಇಷ್ಟೆಲ್ಲ?’ ಬಟ್ಟೆಯನ್ನು ಮಡಚುತ್ತಿದ್ದ ಅವನ ಬೆರಳಿಗೆ ಆ ಹೊಟ್ಟಿಗಿಂತ ಆ ಮಾತೇ ಹೆಚ್ಚು ಜಿಗುಟಾಗಿ ಹತ್ತಿತು. ಕೈ ತೊಳೆದ. ಸೋಪು ಹಾಕಿ ಮತ್ತೊಮ್ಮೆ ತೊಳೆದ. ಕನ್ನಡಿಯಲ್ಲಿ ಪುಣ್ಯಾತ್ಮನ ಮುಖ, ಗಲ್ಲದ ಮೇಲೆ ಒಣಗಿದ ನೊರೆ.

ಆ ಕಾಲು ಮುರಿದದ್ದು ಅವನಿಂದ. ಇದು ಗೊತ್ತಿದ್ದದ್ದು ಇಬ್ಬರಿಗೇ, ಅವನಿಗೆ ಮತ್ತು ಅವಳಿಗೆ. ಅಣ್ಣ, ನೆರೆಹೊರೆಯವರು, ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳ ಜೊತೆ ರಾತ್ರಿ ಪಾಳಿ ಮಾಡುವ ಹೆಂಗಸರು, ಎಲ್ಲರೂ ನಂಬಿದ್ದು ಅವಳು ಹೇಳಿದ ಕಥೆಯನ್ನು: ಪಾಳಿ ಮುಗಿಸಿ ಬರುತ್ತಿದ್ದೆ, ಬಿಳಿ ಗೆರೆಗಳ ಮೇಲೇ ದಾಟುತ್ತಿದ್ದೆ, ಕಾರು ಬಂದು ಹೊಡೆಯಿತು, ಮೈದುನ ಎದುರುಗಡೆಯೇ ಕಾಯುತ್ತಿದ್ದ, ಅವನಿದ್ದದ್ದಕ್ಕೆ ಜೀವ ಉಳಿಯಿತು. ಒಂದನ್ನು ಬಿಟ್ಟು ಎಲ್ಲವೂ ನಿಜ. ಅವಳು ದಾಟುತ್ತಿರಲಿಲ್ಲ, ನಿಂತಿದ್ದಳು. ನಿಲ್ಲಿ ಎಂದವನು ಅವನು. ರಾತ್ರಿ ರಸ್ತೆಯ ಫೋಟೋ ತೆಗೆಯುವವರಿಗೆ ಬೇಗನೆ ಗೊತ್ತಾಗುವ ಸಂಗತಿಯೊಂದಿದೆ. ಕತ್ತಲಲ್ಲಿ ಕ್ಯಾಮೆರಾದ ಕಣ್ಣನ್ನು ತುಸು ಹೊತ್ತು ತೆರೆದೇ ಇಡಬೇಕು, ಹಾಗೆ ಇಟ್ಟಾಗ ನಡೆಯುವವರು ಅದಕ್ಕೆ ಕಾಣುವುದಿಲ್ಲ. ಓಡುವ ಕಾರು ಕಾಣದೆ ಅದರ ದೀಪ ಮಾತ್ರ ಎಳೆಯೆಳೆಯಾಗಿ ಉಳಿಯುತ್ತದೆ, ಬರುವವುಗಳದ್ದು ಬಿಳಿ, ಹೋಗುವವುಗಳದ್ದು ಕೆಂಪು. ನಡೆದವನ ಗುರುತೇ ಇರುವುದಿಲ್ಲ, ಹುಟ್ಟಿಯೇ ಇರಲಿಲ್ಲವೆಂಬಂತೆ. ಉಳಿಯುವುದು ಅಲುಗದೆ ಇದ್ದದ್ದು: ಕಂಬ, ಕಸದ ತೊಟ್ಟಿ, ಮಲಗಿದ ನಾಯಿ. ಹಗಲೆಲ್ಲ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಅಳತೆಯ ಮುಖಗಳನ್ನು ತೆಗೆದು ಬೇಸತ್ತ ಅವನು ರಾತ್ರಿ ಅತ್ತಿಗೆಯನ್ನು ಕರೆತರುವ ನೆಪದಲ್ಲಿ ಆ ಅಗಲದ ರಸ್ತೆಯ ಅಂಚಿಗೆ ಸ್ಟ್ಯಾಂಡ್ ಹೂಡಿ ಈ ಎಳೆಗಳನ್ನು ತೆಗೆಯುತ್ತಿದ್ದ. ಒಂದು ರಾತ್ರಿ ದಾಟುವಾಗ ಅವಳ ಚಪ್ಪಲಿಯ ಬಾರು ಕಿತ್ತು, ಅವಳು ನಡುವೆ ನಿಂತು ಬಗ್ಗಿ ನೋಡಿದ್ದಳು. ಮನೆಗೆ ಬಂದು ನೋಡಿದರೆ ಫೋಟೋದಲ್ಲಿ ಕೆಂಪು ಬಿಳಿ ಪ್ರವಾಹದ ಮಧ್ಯೆ ಬಾಗಿದ ಒಂದು ಹೆಂಗಸಿನ ಆಕಾರ. ಆವರೆಗೆ ತೆಗೆದದ್ದೆಲ್ಲ ಬರೀ ಬಣ್ಣದ ದಾರ, ಇದು ಫೋಟೋ. ನೋಡಿದವರು ಮೊದಲ ಸಲ ಸುಮ್ಮನಾದರು. ಆಮೇಲಿನಿಂದ ಅವನು ಕೇಳತೊಡಗಿದ: ಅತ್ತಿಗೆ, ನಡುವೆ ಬಂದಾಗ ಒಂದು ಕ್ಷಣ ನಿಂತುಬಿಡಿ, ಅಲುಗಬೇಡಿ. ಎಷ್ಟು ಹೊತ್ತೋ ಎಂದು ಅವಳು ನಕ್ಕಿದ್ದಳು. ಸೆಕೆಂಡಿನ ಲೆಕ್ಕ ಹೇಳಿದರೆ ಅವಳಿಗೆ ಹಿಡಿಯಲಿಲ್ಲ. ಕೊನೆಗೆ ಅವಳೇ ದಾರಿ ಕಂಡುಕೊಂಡಳು. ಅವಳ ಅಪ್ಪ ಪದ್ಯ ಓದುತ್ತಿದ್ದವರು, ಬಾಗಿಲ ಹಿಂದೆ ಕೂತು ಕೇಳಿ ಕೇಳಿಯೇ ಅವಳಿಗೆ ನೂರಾರು ಬಾಯಿಗೆ ಬಂದಿದ್ದವು. ಒಂದು ಪದ್ಯದ ನಾಲ್ಕು ಸಾಲನ್ನು ಮನಸ್ಸಿನಲ್ಲೇ ಹೇಳಿಕೊಂಡು ಮುಗಿಸುವಷ್ಟು ಹೊತ್ತು ಅವಳು ನಿಲ್ಲುತ್ತಿದ್ದಳು, ಕ್ಯಾಮೆರಾದ ಕಣ್ಣೂ ಅಷ್ಟೇ ಹೊತ್ತು ತೆರೆದಿರುತ್ತಿತ್ತು. ಫೋಟೋ ತೆಗೆಯುವುದಕ್ಕೂ ದೇವರ ಪದ್ಯ ಬೇಕಾಯ್ತಲ್ಲೋ ಎಂದು ತಮಾಷೆ ಮಾಡುತ್ತಿದ್ದಳು. ರಾತ್ರಿ ಪಾಳಿಯ ಹೆಂಗಸರಿಗೆ ಆಸ್ಪತ್ರೆಯವರು ಕೊಟ್ಟಿದ್ದ ಹೊಳೆಯುವ ಪಟ್ಟಿಯೊಂದು ಅವಳ ಹೆಗಲಿನಿಂದ ಸೊಂಟಕ್ಕೆ ಅಡ್ಡಲಾಗಿ ಇರುತ್ತಿತ್ತು, ಕಾರಿನ ಬೆಳಕು ಬಿದ್ದರೆ ದೂರಕ್ಕೆ ಉರಿಯುವಂಥದ್ದು. ಫೋಟೋದಲ್ಲಿ ಅದು ಸುಟ್ಟ ಗಾಯದಂತೆ ಕಾಣುತ್ತದೆ, ತೆಗೆದುಬಿಡಿ ಎಂದವನೂ ಅವನೇ. ಅವಳು ಬಿಚ್ಚಿ ಮಡಚಿ ಅವನ ಕೈಗೆ ಕೊಟ್ಟಿದ್ದಳು. ಕಡುನೀಲಿ ಸ್ವೆಟರಿನ ಅವಳು ಕತ್ತಲಿಗೆ ಇಳಿದು ಹೋಗುವಾಗ ಅದು ಅವನ ಜೇಬಿನಲ್ಲಿತ್ತು.

ಎಲ್ಲಕ್ಕಿಂತ ಹೊಲಸು ಎಂದರೆ ಆ ರಾತ್ರಿ ಕಾರು ಹೊಡೆದದ್ದನ್ನು ಅವನು ನೋಡಲಿಲ್ಲ. ಕ್ಯಾಮೆರಾದ ಕಣ್ಣು ತೆರೆದಿರುವಷ್ಟು ಹೊತ್ತು ತೆಗೆಯುವವನ ಕಣ್ಣಿಗೆ ಕತ್ತಲು. ಒಳಗಿನ ಸಣ್ಣ ಕನ್ನಡಿ ಮೇಲೆದ್ದು, ಕಣ್ಣಿಟ್ಟು ನೋಡುವ ಕಿಂಡಿಯನ್ನು ಮುಚ್ಚಿಬಿಡುತ್ತದೆ. ಕಿಂಡಿಯಿಂದ ಮುಖ ಎತ್ತಿ ರಸ್ತೆ ನೋಡಬಹುದಿತ್ತು. ಅವನು ಎತ್ತುತ್ತಿರಲಿಲ್ಲ. ಆ ಕತ್ತಲಲ್ಲಿ ಕಣ್ಣಿಟ್ಟೇ ಇರುವುದು ಅವನ ಅಭ್ಯಾಸ, ಅದರಲ್ಲೊಂದು ಧ್ಯಾನವಿದೆ ಎಂದು ಸ್ಟುಡಿಯೋಕ್ಕೆ ಬಂದವರ ಮುಂದೆ ಕೊಚ್ಚಿಕೊಂಡೂ ಇದ್ದ. ಧ್ಯಾನದಲ್ಲಿದ್ದಾಗ ಒಂದು ಸದ್ದು ಕೇಳಿಸಿತು, ಒದ್ದೆ ಬಟ್ಟೆಯ ಮೂಟೆ ನೆಲಕ್ಕೆ ಬಿದ್ದಂಥದ್ದು. ಲಾಂಡ್ರಿಯ ಹೆಂಗಸಿಗೆ ತಕ್ಕ ಸದ್ದು ಎಂಬ ಯೋಚನೆ ಓಡುವಾಗಲೇ ಬಂತು, ಯಾರೂ ಕರೆಯದೆ. ಆಮೇಲೆ ಆಸ್ಪತ್ರೆಯ ಪಡಸಾಲೆಯಲ್ಲಿ, ಒಳಗೆ ಅವಳ ಮೂಳೆ ಕೂಡಿಸುತ್ತಿದ್ದಾಗ, ಸ್ಟ್ಯಾಂಡಿನಿಂದ ಕಿತ್ತು ಕೊರಳಿಗೆ ಹಾಕಿಕೊಂಡಿದ್ದ ಕ್ಯಾಮೆರಾದ ಪುಟ್ಟ ಪರದೆಯನ್ನು ಅವನು ಬೆಳಗಿಸಿ ನೋಡಿದ. ಯಾಕೆ ನೋಡಿದೆ ಎಂದು ಈಗಲೂ ಕೇಳಿಕೊಳ್ಳುತ್ತಾನೆ. ಉತ್ತರ ಗೊತ್ತಿದ್ದೇ ಕೇಳಿಕೊಳ್ಳುತ್ತಾನೆ. ಅವಳು ಅರೆ ಪಾರದರ್ಶಕವಾಗಿದ್ದಳು, ಪದ್ಯ ಮುಗಿಯುವ ಮೊದಲೇ ಹೋದದ್ದರಿಂದ. ಎದೆಯ ಮೂಲಕ ಹಿಂದಿನ ಬೆಳಕುಗಳು ತೋರುತ್ತಿದ್ದವು. ಕಾರು ಕಾಣಲಿಲ್ಲ. ಒಂದು ಕೆಂಪು ಎಳೆ ನೇರವಾಗಿ ಬಂದು, ಅವಳ ಕಾಲಿನ ಹತ್ತಿರ ಉಗುರಿನಷ್ಟು ಕೊಂಕಿ, ಮತ್ತೆ ನೇರವಾಗಿ ಹೋಗಿತ್ತು. ಅವನ ಮನಸ್ಸಿಗೆ ಬಂದ ಮೊದಲ ಮಾತು: ಚೆನ್ನಾಗಿ ಬಂದಿದೆ. ಅಳು ಆಮೇಲೆ ಬಂತು. ಆ ಕ್ರಮವನ್ನು ಅವನು ಎಷ್ಟು ಸಲ ಹಿಂದುಮುಂದು ಮಾಡಿ ನೋಡಿದರೂ ಮೊದಲು ಬಂದದ್ದೇ ಮೊದಲು ಬರುತ್ತದೆ.

ತಿಂಡಿಯ ಹೊತ್ತಿಗೆ ಕಾರಿನವನು ಬಂದ. ಬಾಡಿಗೆ ಕಾರು ಓಡಿಸುವವನು, ಅವತ್ತು ಹೊಡೆದವನು. ಒಂದೆರಡು ದಿನಕ್ಕೊಮ್ಮೆ ಹೀಗೆ ಬಂದು ಮೂಲೆಯ ಸ್ಟೂಲಿನಲ್ಲಿ ಕೂರುತ್ತಿದ್ದ, ಕೈಯಲ್ಲಿ ಸೇಬಿನ ಚೀಲ. ತಿನ್ನುವವರಿಲ್ಲದೆ ಹಿಂದಿನ ಸೇಬುಗಳು ಕಿಟಕಿಯ ಕಟ್ಟೆಯ ಮೇಲೆ ಕಂದಿ ನೊಣ ಕರೆಯುತ್ತಿದ್ದವು. ಅವನು ಅವುಗಳ ಪಕ್ಕದಲ್ಲೇ ಹೊಸ ಚೀಲ ಇಟ್ಟ. ಅಣ್ಣ ಬ್ರೆಡ್ಡು ಅಗಿಯುತ್ತಲೇ ಉಪದೇಶ ಶುರು ಮಾಡಿದ. ಅಣ್ಣ ಡ್ರೈವಿಂಗ್ ಸ್ಕೂಲ್ ನಡೆಸುವವನು. ಕಣ್ಣಿರೋದು ಕನ್ನಡಿ ನೋಡೋಕೆ ಮಾತ್ರ ಅಲ್ಲ, ಗೆರೆ ಹಾಕಿರೋದು ರಂಗೋಲಿಗಲ್ಲ, ಮನುಷ್ಯರು ದಾಟ್ತಾರೆ ಅನ್ನೋ ಜ್ಞಾನ ಬೇಡವಾ ಎಂದು ಅವನು ಅಂದದ್ದಕ್ಕೆಲ್ಲ ಕಾರಿನವನು ತಲೆಯಾಡಿಸಿದ. ಮೂಲೆಯಲ್ಲಿ ಕಾಫಿ ಹಿಡಿದು ನಿಂತ ತಮ್ಮನಿಗೆ ಬೇರೆ ಮಾತು ನೆನಪಾಗುತ್ತಿತ್ತು. ಹಿಂದಿನ ಸೀಟಿನಲ್ಲಿ ಕೂತು ತಾನೇ ಕಿವಿಯಾರೆ ಕೇಳಿದ್ದು: ಎದುರಿಗೆ ಮುದುಕನೊಬ್ಬ ರಸ್ತೆಗಿಳಿದಾಗ ಕಲಿಯುವ ಹೆಂಗಸು ಬ್ರೇಕಿಗೆ ಕಾಲಿಟ್ಟಿದ್ದಳು, ಅಣ್ಣ ಅವಳಿಗೆ ಹೇಳಿದ್ದ, ‘ನಡೆಯೋರನ್ನ ನೋಡಿ ನೀವ್ಯಾಕೆ ಹೆದರ್ತೀರಿ ಮೇಡಂ? ಹಾರ್ನ್ ಹೊಡೀರಿ, ಅವರು ಹೆದರ್ತಾರೆ.’ ಮುದುಕ ಹೆದರಿದ್ದ, ಪುಟ್ಟ ಜಿಗಿತ ಜಿಗಿದು ಹಿಂದಕ್ಕೆ ಹೋಗಿದ್ದ, ಕಾರಿನಲ್ಲಿ ಮೂವರೂ ನಕ್ಕಿದ್ದರು. ಮೂವರೂ. ಉಪದೇಶ ಮುಗಿದ ಮೇಲೆ ಕಾರಿನವನು ಗಂಟಲು ಸರಿಮಾಡಿಕೊಂಡು, ನಾನು ಕಲ್ತಿದ್ದು ನಿಮ್ಮ ಸ್ಕೂಲಲ್ಲೇ ಸಾರ್, ನಿಮಗೆ ನೆನಪಿಲ್ಲ ಅನ್ಸುತ್ತೆ ಎಂದ. ಅದರಲ್ಲಿ ಕುಹಕವೇನೂ ಇರಲಿಲ್ಲ, ಹಳೆಯ ಗುರುವಿನ ಮುಂದೆ ಶಿಷ್ಯನ ವಿನಯವಿತ್ತು. ಅಣ್ಣ ಬ್ರೆಡ್ಡು ನುಂಗಿದ, ಟೈಮಾಯ್ತು ಎಂದ.

ಅಣ್ಣ ಎದ್ದು ಹೋದದ್ದೇ ಕಾರಿನವನು ಒಳಕೋಣೆಯ ಹೊಸ್ತಿಲಿಗೆ ಬಂದು ನಿಂತ. ‘ಅಕ್ಕ, ಒಂದೇ ಮಾತು. ನೀವು ನಡೀತಿದ್ರಾ, ನಿಂತಿದ್ರಾ?’ ಅತ್ತಿಗೆ ಚಾದರದ ಅಂಚನ್ನು ಬೆರಳಿಗೆ ಸುತ್ತುತ್ತ, ನಡೀತಿದ್ದೆ ಎಂದಳು. ಅವಳ ದನಿಯಲ್ಲಿ ಅಲುಗಾಟವಿರಲಿಲ್ಲ. ಕಾರಿನವನು ಸರಿ ಅಕ್ಕ ಎಂದು ತಲೆಬಾಗಿ ಹೊರಗೆ ಬಂದ. ಗೇಟಿನ ಹತ್ತಿರ ಅವನ ಮೈಯಿಂದ ರಾತ್ರಿಯೆಲ್ಲ ಮುಚ್ಚಿದ ಕಾರಿನಲ್ಲಿ ಕೂತವರ ಹಳಸು ವಾಸನೆ ಬರುತ್ತಿತ್ತು. ‘ನಿಮ್ಮ ಹತ್ರ ಸುಳ್ಳು ಯಾಕೆ’ ಎಂದ ತಗ್ಗಿದ ದನಿಯಲ್ಲಿ, ‘ಮುಂದಿನ ಬಾಡಿಗೆ ಬಂತಾ ಅಂತ ಫೋನ್ ಕಡೆ ನೋಡಿದೆ. ಎಲ್ಲರೂ ನೋಡ್ತಾರೆ. ಸ್ಪೀಡೂ ಇತ್ತು. ಆದ್ರೆ ತಲೆ ಎತ್ತಿದಾಗ ಅವರು ನಿಂತಿದ್ರು ಸ್ವಾಮಿ, ನೆಟ್ಟ ಕಂಬದ ಹಾಗೆ. ನಡೆಯೋರಾಗಿದ್ರೆ ಅಷ್ಟು ಹೊತ್ತಿಗೆ ಆ ಕಡೆ ಹೋಗಿರ್ತಿದ್ರು. ಮೈಮೇಲೆ ಹೊಳೆಯೋದೂ ಏನೂ ಇರಲಿಲ್ಲ.’ ಮಧ್ಯಾಹ್ನ ಪೇದೆ ಬರುತ್ತಾನೆ, ಕಣ್ಣಾರೆ ಕಂಡವರೆಂದು ನಿಮ್ಮ ಹೇಳಿಕೆ ತೆಗೆದುಕೊಳ್ಳುತ್ತಾನೆ, ಅದರ ಮೇಲೆಯೇ ತನ್ನ ಲೈಸೆನ್ಸು ನಿಂತಿದೆ, ಅದು ಹೋದರೆ ತನಗೆ ಬೇರೆ ಕೆಲಸ ಬರುವುದಿಲ್ಲ ಎಂದೂ ಹೇಳಿದ. ಬೇಡಿಕೊಳ್ಳಲಿಲ್ಲ. ಬೇಡಿಕೊಂಡಿದ್ದರೆ ಅವನನ್ನು ದ್ವೇಷಿಸುವುದು ಸುಲಭವಾಗುತ್ತಿತ್ತು.

ಸ್ಟುಡಿಯೋದಲ್ಲಿ ಆ ಬೆಳಿಗ್ಗೆ ಮುಖಗಳು ಬಂದವು. ಮೂಗಿನ ಮೇಲಿನ ಎಣ್ಣೆ, ಕಿವಿಯ ಹಿಂದೆ ಉಳಿದ ಸೋಪು, ಗೋಡೆಯ ಮೊಳೆಗೆ ತೂಗುಹಾಕಿದ, ಕೆಲಸದ ಅರ್ಜಿಗೆಂದು ಎಲ್ಲರೂ ಹಾಕಿಕೊಳ್ಳುವ ಒಂದೇ ಕೋಟು, ಅದರ ಕಾಲರಿನಲ್ಲಿ ಎಷ್ಟೋ ಕುತ್ತಿಗೆಗಳ ಕೊಳೆ. ಗದ್ದ ಎತ್ತಿ, ಅಲುಗಬೇಡಿ, ಉಸಿರು ಬಿಗಿಹಿಡೀರಿ. ಅಲುಗಬೇಡಿ ಎಂದ ತಕ್ಷಣ ಮನುಷ್ಯರು ಎಷ್ಟು ಬೇಗ ಅಲುಗದೆ ಹೋಗುತ್ತಾರೆ, ಯಾಕೆ ಎಂದು ಒಬ್ಬರೂ ಕೇಳುವುದಿಲ್ಲ. ಒಬ್ಬ ತಾಯಿ ತನ್ನ ಮಗುವಿನ ತಲೆಯನ್ನು ಹಿಂದಿನಿಂದ ಬಿಗಿಯಾಗಿ ಹಿಡಿದು ಕೂರಿಸಿದ್ದಳು, ಮಗು ಅವಳ ಬೆರಳುಗಳ ನಡುವೆ ಕಣ್ಣು ಪಿಳಿಪಿಳಿ ಬಿಡುತ್ತಿತ್ತು. ಅವನಿಗೆ ತಡೆಯಲಾಗದೆ ಬಿಡಿ ಅದನ್ನ, ಆಡಲಿ ಎಂದ. ಆಡಿದ್ರೆ ಚೆನ್ನಾಗಿ ಬರಲ್ವಲ್ಲ ಸಾರ್ ಎಂದಳು ತಾಯಿ. ಚೆನ್ನಾಗಿ ಬರುವುದು. ಮುಖಗಳ ನಡುವೆ ಅವನು ಮಧ್ಯಾಹ್ನದ ಹೇಳಿಕೆಯನ್ನು ಕಟ್ಟುತ್ತಿದ್ದ, ಕೆಡವುತ್ತಿದ್ದ. ನಿಂತಿದ್ದರು ಎಂದರೆ ಕಾರಿನವನು ಬಿಡುಗಡೆಯಾಗುತ್ತಾನೆ, ಅವನೇನೂ ಹಾಲಿನಲ್ಲಿ ತೊಳೆದವನಲ್ಲ. ನಡೆಯುತ್ತಿದ್ದರು ಎಂದರೆ ತನ್ನ ಪಾಲಿನ ತಪ್ಪನ್ನೂ ಅವನೇ ಹೊರುತ್ತಾನೆ, ಸೇಬು ತರುತ್ತ. ಅತ್ತಿಗೆ ತನ್ನನ್ನು ಉಳಿಸಲೆಂದು ಹೊತ್ತಿರುವ ಸುಳ್ಳಿನ ಕೆಳಗೆ ತಾನು ಇನ್ನೆಷ್ಟು ದಿನ ಪುಣ್ಯಾತ್ಮನಾಗಿ ತೆವಳಬೇಕು? ಹೇಳಿಬಿಡುತ್ತೇನೆ, ಅಣ್ಣ ಕೆನ್ನೆಗೆ ಹೊಡೆಯಲಿ, ಮನೆಯಿಂದ ಆಚೆಗೆ ಹಾಕಲಿ ಎಂದುಕೊಂಡಾಗ ಮೈಯಲ್ಲಿ ಒಂದು ಹಗುರ ಬಂತು. ಆ ಹಗುರವನ್ನು ಅವನು ನಂಬಲಿಲ್ಲ, ಆದರೂ ಅದರ ರುಚಿ ನೋಡುತ್ತ ಬಾಗಿಲು ಹಾಕಿ ಮನೆಗೆ ನಡೆದ.

ಪೇದೆ ದಪ್ಪ ಮೀಸೆಯ, ನಿದ್ದೆಗೆಟ್ಟ ಮನುಷ್ಯ. ಕುರ್ಚಿಯಲ್ಲಿ ಕೂತು ಬೂಟಿನೊಳಗೆ ಬೆರಳು ತೂರಿಸಿ ಹಿಮ್ಮಡಿ ಒತ್ತಿಕೊಳ್ಳುತ್ತಿದ್ದ. ಅಣ್ಣ ಊಟಕ್ಕೆ ಬಂದವನು ಜೊತೆಗೆ ಕೂತು ಹಲ್ಲಿನ ಸಂದಿ ಕೆದಕುತ್ತಿದ್ದ. ಒಳಕೋಣೆಯ ಬಾಗಿಲು ತೆರೆದೇ ಇತ್ತು, ಮಂಚದ ಮೇಲಿನ ಪ್ಲಾಸ್ಟರಿನ ಪಾದ ಮಾತ್ರ ಹೊರಗಿನವರಿಗೆ ಕಾಣುವಂತೆ. ಏನು ಕಂಡಿರಿ ಹೇಳಿ ಎಂದ ಪೇದೆ. ಅವನು ಹೇಳಿದ. ತಾನೇ ನಿಲ್ಲಲು ಹೇಳಿದ್ದು, ಫೋಟೋಕ್ಕಾಗಿ. ಹೊಳೆಯುವ ಪಟ್ಟಿ ಬಿಚ್ಚಿಸಿದ್ದು. ಎಷ್ಟೋ ರಾತ್ರಿ ಹೀಗೆ ನಿಲ್ಲಿಸಿದ್ದು. ಹೊಡೆದಾಗ ತಾನು ಕಿಂಡಿಯಲ್ಲಿ ಕತ್ತಲು ನೋಡುತ್ತಿದ್ದದ್ದು. ಮಾತು ಸರಾಗವಾಗಿ ಬಂತು, ಬೇಕಾದಷ್ಟು ತಡವರಿಕೆಯೊಂದಿಗೆ, ಮತ್ತು ಹೇಳುತ್ತಿರುವಾಗಲೇ ಅವನಿಗೆ ತನ್ನ ದನಿ ಇಂಪಾಗಿ ಕೇಳಿಸಿತು. ಮುಗಿಸಿ ತಲೆ ತಗ್ಗಿಸಿದ. ಕೆನ್ನೆ ಕಾಯುತ್ತಿತ್ತು.

ಹೊಡೆತ ಬೀಳಲಿಲ್ಲ. ಅಣ್ಣ ಹಲ್ಲುಕಡ್ಡಿ ಹೊರತೆಗೆದು ಒಳಕೋಣೆಯ ಕಡೆ ನೋಡಿದ, ಅವನ ಮುಖದಲ್ಲಿ ನಿಧಾನವಾಗಿ ನಗು ಹರಡಿತು. ‘ನಡುರಸ್ತೆಲಿ ಪೋಸ್ ಕೊಡ್ತಿದ್ದಳಾ ಇವಳು? ಈ ವಯಸ್ಸಲ್ಲಿ?’ ಪೇದೆ ಮೀಸೆಯಲ್ಲಿ ನಕ್ಕ. ಅಣ್ಣ ಮೊದಲ ಸಲ ವಾಸನೆಯ ಹಂಗಿಲ್ಲದೆ ಹೊಸ್ತಿಲು ದಾಟಿ ಮಂಚದವರೆಗೂ ಹೋದ. ನಾಲ್ಕು ಜನ ಬೆಳಗ್ಗೆಯಿಂದ ರಾತ್ರಿವರೆಗೆ ನನ್ನ ಹತ್ರ ರಸ್ತೆ ನಿಯಮ ಕಲೀತಾರೆ, ನನ್ನ ಹೆಂಡತಿ ಅರ್ಧರಾತ್ರೀಲಿ ರಸ್ತೆ ಮಧ್ಯೆ ಹೀರೋಯಿನ್ ಆಗಿ ನಿಂತಿರ್ತಾಳೆ, ಗೊತ್ತಾದ್ರೆ ಜನ ಏನಂತಾರೆ, ಅವನೇನೋ ಫೋಟೋ ಹುಚ್ಚ, ಹೇಳಿದ, ನಿನಗೆ ಬುದ್ಧಿ ಬೇಡವಾ ಎಂದು ಒಂದೇ ಸಮನೆ ಅಂದ. ತಮ್ಮನ ಕಡೆ ಅವನು ತಿರುಗಿಯೂ ನೋಡಲಿಲ್ಲ. ಪೇದೆ ಹೇಳಿಕೆಯನ್ನು ಎರಡು ಸಾಲಿಗೆ ಇಳಿಸಿದ್ದ: ಹೆಂಗಸು ನಡುರಸ್ತೆಯಲ್ಲಿ ಕಾರಣವಿಲ್ಲದೆ ನಿಂತಿದ್ದರು, ಕತ್ತಲ ಬಣ್ಣದ ಬಟ್ಟೆ ತೊಟ್ಟಿದ್ದರು. ನಿಲ್ಲಿಸಿದ್ದು ನಾನು ಅಂತ ಬರೀಲಿಲ್ಲವಲ್ಲ ಎಂದರೆ, ಅದು ನಿಮ್ಮ ಮನೆ ವಿಷಯ, ನಡೆಯೋರು ನೋಡ್ಕೊಂಡು ನಡೀಬೇಕು, ಪಾಪ ಆ ಡ್ರೈವರ್ ಇಷ್ಟು ದಿನ ಅಲೆದ ಎಂದು ಎದ್ದ. ಅಣ್ಣ ಅವನನ್ನು ಗೇಟಿನವರೆಗೆ ಬಿಟ್ಟು, ಅಲ್ಲಿಂದಲೇ ಕಾರು ಹತ್ತಿ ಪಾಠಕ್ಕೆ ಹೋದ. ಆಗ ತಮ್ಮನಿಗೆ ನೆನಪಾಯಿತು, ಕಾರಿನವನ ಫೋನಿನ ಮಾತು, ಸ್ಪೀಡಿನ ಮಾತು ತನ್ನ ಬಾಯಿಂದ ಬರಲೇ ಇಲ್ಲ. ಮುಚ್ಚಿಡಬೇಕೆಂದು ಇರಲಿಲ್ಲ. ತನ್ನ ತಪ್ಪೊಪ್ಪುವ ಸಡಗರದಲ್ಲಿ ಆ ಮಾತಿಗೆ ಜಾಗವೇ ಇರಲಿಲ್ಲ. ಅವತ್ತು ಪಡಸಾಲೆಯಲ್ಲಿ ಪರದೆ ನೋಡಿದವನೇ ಇವತ್ತೂ ಬಾಯಿ ಬಿಟ್ಟಿದ್ದ. ಇದೂ ಚೆನ್ನಾಗಿ ಬರಲಿ ಎಂದು.

ಒಳಗೆ ಅತ್ತಿಗೆ ಗೋಡೆಯ ಕಡೆ ಮುಖ ಮಾಡಿದ್ದಳು. ಅವನು ಮಂಚದ ಅಂಚಿನಲ್ಲಿ ಕೂರಲು ಹೋಗಿ ಕೂರಲಿಲ್ಲ. ನನಗಾಗಿ ನೀವು ಸುಳ್ಳು ಹೊತ್ತಿದ್ದು ನನಗೆ ಸಹಿಸಲಾಗಲಿಲ್ಲ, ಅದಕ್ಕೇ ಎಂದು ಏನೋ ಶುರು ಮಾಡಿದ. ಅವಳು ತಿರುಗದೆಯೇ ಕೇಳಿದಳು.

‘ನಿನಗಾಗಿ ಅಂತ ಯಾರು ಹೇಳಿದ್ರು?’

ಹೊರಗೆ ಒಂದು ಕಾರು ಹಾರ್ನ್ ಹೊಡೆದುಕೊಂಡು ಹೋಯಿತು, ಅದರ ಹಿಂದೆ ಇನ್ನೊಂದು.

‘ನಿನಗೆ ಜ್ವರ ಬಂದಿತ್ತಲ್ಲ, ಆ ವಾರ ನೀನು ಬರಲಿಲ್ಲ. ಆಗಲೂ ನಿಲ್ತಿದ್ದೆ.’ ಅವಳ ದನಿ ಗೋಡೆಗೆ ತಾಗಿ ಬರುತ್ತಿತ್ತು. ‘ದಿನಾ. ಒಬ್ಬಳೇ. ಪಟ್ಟಿನೂ ಬಿಚ್ಚಿ ಚೀಲದಲ್ಲಿ ಹಾಕ್ಕೊಳ್ತಿದ್ದೆ, ಯಾಕೋ ಅದಿದ್ರೆ ಲಾಂಡ್ರಿಯವಳು ಅನ್ನಿಸ್ತಿತ್ತು. ಅಲ್ಲಿ ಬೇಗ ಬೇಗ ಅಂತಾರೆ, ಇಲ್ಲಿ ಬೇಗ ಬೇಗ ಅಂತಾರೆ. ರಸ್ತೆ ಮಧ್ಯೆ ನಿಂತು ಒಂದು ಪದ್ಯ ಪೂರ್ತಿ ಹೇಳ್ಕೊಂಡ್ರೆ ಎರಡೂ ಕಡೆ ಕಾರುಗಳು ನನ್ನನ್ನ ಬಳಸ್ಕೊಂಡು ಹೋಗ್ತಿದ್ವು. ದೇವರ ಮುಂದೆ ಕೂತಾಗಲೂ ನನಗೆ ಅಷ್ಟು ನೆಮ್ಮದಿ ಆಗಿಲ್ಲ. ಅದನ್ನ ಯಾರಿಗೂ ಹೇಳಬಾರದು ಅಂತಿದ್ದೆ. ನಿನಗೂ.’ ಚಾದರವನ್ನು ಹೆಗಲವರೆಗೆ ಎಳೆದುಕೊಂಡು ಅಂದಳು, ‘ತಗೊಂಡು ಹೋಗಿ ನಿಮ್ಮಣ್ಣನ ಬಾಯಿಗೆ ಹಾಕಿದೆಯಲ್ಲೋ.’

ಇಷ್ಟು ದಿನ ತನ್ನದೆಂದು ಎತ್ತಿ ಆಡಿಸಿದ ಪಾಪ ಅರ್ಧ ಅವಳದ್ದು, ಪಾಪವೂ ಅಲ್ಲವೇನೋ. ಅವಳಿಗೂ ಒಂದು ಒಳಗು ಇರಬಹುದೆಂದು, ಅವಳ ಎದೆಯ ಮೂಲಕ ಬೆಳಕು ತೋರುವ ಚಿತ್ರವನ್ನು ಅಷ್ಟು ಸಲ ನೋಡಿದವನಿಗೆ ಹೊಳೆದಿರಲಿಲ್ಲ. ಕ್ಷಮೆ ಕೇಳಲು ಬಾಯಿ ತೆರೆದ. ಅದರ ಇಂಪನ್ನೂ ಮೊದಲೇ ಕೇಳಿಸಿಕೊಂಡಂತಾಗಿ ಮುಚ್ಚಿದ. ಅತ್ತಿಗೆ ಕಷ್ಟಪಟ್ಟು ಈ ಕಡೆ ಹೊರಳಿದಳು, ಪ್ಲಾಸ್ಟರು ಮಂಚದ ಚೌಕಟ್ಟಿಗೆ ತಾಗಿ ಸದ್ದಾಯಿತು. ಅವಳು ಅತ್ತಿರಲಿಲ್ಲ. ಮುಖ ಸಿಟ್ಟಿನಿಂದ ಕೆಂಪಾಗಿ, ಅವನು ಎಂದೂ ತೆಗೆಯದ ಒಂದು ಮುಖವಾಗಿತ್ತು.

‘ಹೋಗಿ ಕರಿ ಆ ಪೇದೇನ. ನಿಂತಿದ್ದೆ ಅಂತ ನಾನೇ ಹೇಳ್ತೀನಿ. ಬಿಳಿ ಗೆರೆ ಮೇಲೆ ನಿಂತಿದ್ದೆ. ಮನುಷ್ಯರು ನಿಂತಿದ್ರೆ ಕಾರು ನಿಲ್ಲಬೇಕು. ಅದನ್ನೂ ಬರ್ಕೊಳ್ಳಲಿ.’

ಪೇದೆ ದೂರ ಹೋಗಿರಲಿಲ್ಲ. ರಸ್ತೆಯ ಆಚೆ ಬದಿಯ ಅಂಗಡಿಯಲ್ಲಿ, ಬೈಕಿಗೆ ಒರಗಿ, ಟೋಪಿ ಸೀಟಿನ ಮೇಲಿಟ್ಟು ಚಹಾ ಕುಡಿಯುತ್ತಿದ್ದ. ಮನೆಯ ಮುಂದೆಯೂ ಬಿಳಿ ಗೆರೆಗಳಿದ್ದವು, ಟೈರು ಉಜ್ಜಿ ಅರ್ಧ ಅಳಿಸಿದವು. ಅವನು ಅಂಚಿಗೆ ಬಂದು ನಿಂತು ಕೈ ಚಾಚಿದ. ಒಂದೂ ನಿಲ್ಲಲಿಲ್ಲ. ಒಂದು ಹೆಜ್ಜೆ ಇಟ್ಟ, ಹಾರ್ನ್ ಕೇಳಿ ಅವನ ಕಾಲುಗಳು ತಾವಾಗಿ ಪುಟ್ಟ ಜಿಗಿತ ಜಿಗಿದು ಹಿಂದಕ್ಕೆ ಬಂದವು. ಕಾರಿನ ಗಾಜಿನೊಳಗೆ ಯಾರೋ ನಗುತ್ತಿದ್ದಂತೆ ಕಂಡಿತು. ಮತ್ತೆ ಇಳಿದ, ಓಡಿ ಹೋಗಿ, ನಡುವೆ ಸಿಕ್ಕಿಬಿದ್ದು, ಒಬ್ಬ ಗಾಜಿಳಿಸಿ ಸಾಯೋಕೆ ನನ್ನ ಗಾಡೀನೇ ಬೇಕಿತ್ತಾ ಎಂದು ಉಗಿದು ಹೋದ ಮೇಲೆ ಹೇಗೋ ಆಚೆ ತಲುಪಿದ. ಏದುಸಿರಿನಲ್ಲಿ ಪೇದೆಗೆ ಹೇಳಿದ: ಅತ್ತಿಗೆ ಮಾತಾಡಬೇಕಂತೆ, ಡ್ರೈವರ್ ಫೋನ್ ನೋಡಿದ್ದೆ ಅಂತ ನನ್ನ ಹತ್ರ ಒಪ್ಪಿಕೊಂಡಿದ್ದಾನೆ, ಅದನ್ನು ನಾನು ಹೇಳಲಿಲ್ಲ, ಈಗ ಹೇಳುತ್ತೇನೆ. ಪೇದೆ ಗ್ಲಾಸಿನ ತಳದ ಗಸಿಯನ್ನು ಚೆಲ್ಲಿ, ಮುಗಿದಿದ್ದನ್ನ ಮತ್ತೆ ಕೆದಕ್ತೀರಲ್ರೀ ನೀವು, ಊಟವೂ ಆಗಿಲ್ಲ ನನಗೆ ಎಂದು ಗೊಣಗುತ್ತ ಟೋಪಿ ಹಾ‌ಕಿಕೊಂಡ. ರಸ್ತೆಗೆ ಇಳಿದು, ನೊಣ ಓಡಿಸುವವನಂತೆ, ಅಂಗೈ ಎತ್ತಿದ.

ಕಾರುಗಳು ನಿಂತವು. ಒಂದರ ಹಿಂದೆ ಒಂದು, ಸದ್ದಿಲ್ಲದೆ, ಮೂತಿ ತಗ್ಗಿಸಿ, ಗೆರೆಯ ಆಚೆಯೇ. ಎರಡೂ ಕಡೆಯವು. ನಿಲ್ಲಲು ಅವುಗಳಿಗೆ ಏನೂ ಕಷ್ಟವಾದಂತೆ ಕಾಣಲಿಲ್ಲ. ಗಾಜುಗಳ ಹಿಂದೆ ಮುಖಗಳು ವಿನಯದಿಂದ ಕಾಯುತ್ತಿದ್ದವು. ಅವುಗಳಲ್ಲಿ ಒಂದು ಅಣ್ಣನದ್ದಾಗಿರಬಹುದಿತ್ತು, ಒಂದು ತನ್ನದೂ. ನಡುವಿಗೆ ಬಂದಾಗ ಅವನು ನಿಂತ. ಬೇಕೆಂದರೆ ನಿಲ್ಲುತ್ತವೆ, ಯಾವತ್ತೂ ನಿಲ್ಲಬಹುದಾಗಿತ್ತು.

‘ಬೇಗ ಬನ್ರೀ, ಪಾಪ ಅವರೆಲ್ಲ ಎಷ್ಟು ಹೊತ್ತು ಕಾಯಬೇಕು’ ಎಂದ ಪೇದೆ, ಕಾರುಗಳ ಕಡೆ ತಿರುಗಿ ಕ್ಷಮೆ ಕೇಳುವವನಂತೆ ನಗುತ್ತ.

ಅವನು ಬೇಗ ನಡೆಯಲಿಲ್ಲ.